ಅಲೆಗಳಿಲ್ಲದ ಕೋಟೆ

ಕಡೂರು, ತರೀಕೆರೆ, ಅಜ್ಜಂಪುರ ಎಂದು ವರ್ಗವಾದ ಕಡೆಯಲ್ಲೆಲ್ಲ ಮೂವತ್ಮೂರು ವರ್ಷ ಸಮಾಜ ಪಾಠ ಹೇಳಿದ ಮೇಷ್ಟ್ರೊಬ್ಬರಿದ್ದಾರೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಮಾತು ಬಂದರೆ ಸಾಕು, ಅವರಿಗೆ ಎಲ್ಲಿಲ್ಲದ ಹುರುಪು. ಬೋರ್ಡಿನ ಮೇಲೆ ಮಿರ್ಜಾನ್ ಕೋಟೆ ಬರೆದು, ಅದರ ಬುಡಕ್ಕೆ ಸೀಮೆಸುಣ್ಣದ ಅಲೆಗಳನ್ನು ಎಳೆದು, ‘ಸಮುದ್ರ ಹಗಲಿರುಳೂ ಈ ಗೋಡೆಗೆ ಬಡಿಯುತ್ತದೆ’ ಎನ್ನುತ್ತಿದ್ದರು. ಕಡಲು ಕಾಣದ ಮಕ್ಕಳು ಬಾಯಿಬಿಟ್ಟು ಕೇಳುತ್ತಿದ್ದರು. ಮೇಷ್ಟ್ರೂ ಕಡಲು ಕಂಡವರಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ. ತಂಗಿಯರ ಮದುವೆ, ಮಕ್ಕಳ ಓದು. ಪ್ರವಾಸಕ್ಕೆ ದುಡ್ಡು ಉಳಿದದ್ದೇ ಇಲ್ಲ.

ನಿವೃತ್ತರಾದ ಮೇಲೆ ಒಂದು ದಸರಾ ರಜೆಯಲ್ಲಿ ಮೊಮ್ಮಗಳು ಹಟ ಹಿಡಿದು ಹೊರಡಿಸಿದಳು. ತರೀಕೆರೆಯಿಂದ ಶಿವಮೊಗ್ಗ, ಸಾಗರ, ಜೋಗದ ದಾರಿ. ಘಟ್ಟ ಇಳಿದರೆ ಗೇರುಸೊಪ್ಪೆ. ‘1552ರಿಂದ 1606ರವರೆಗೆ ಒಬ್ಬ ಹೆಂಗಸು ಆಳಿದ ಊರಮ್ಮ. ಪೋರ್ಚುಗೀಸರೇ ಅವಳನ್ನು ಕರಿಮೆಣಸಿನ ರಾಣಿ ಎಂದರು’ ಎಂದು ಮೇಷ್ಟ್ರು ಬಸ್ಸಿನಲ್ಲೇ ಪಾಠ ಶುರುಮಾಡಿದರು.

ಹೊನ್ನಾವರ, ಕುಮಟಾ ದಾಟಿ ಮಿರ್ಜಾನ್ ಸೇರಿದರು. ಕೆಂಪು ಮುರಕಲ್ಲಿನ ಗೋಡೆ, ದುಂಡನೆಯ ಬುರುಜುಗಳು, ಸುತ್ತ ಕಂದಕ, ಒಳಗೆ ಆಳವಾದ ಬಾವಿಗಳು, ಮಳೆಗಾಲ ಬಿಟ್ಟುಹೋದ ಹಸಿರು ಪಾಚಿ. ಎಲ್ಲವೂ ಇತ್ತು. ಮೇಷ್ಟ್ರು ಮಂಡಿನೋವು ಮರೆತು ಬುರುಜು ಹತ್ತಿ ನಿಂತರು.

‘ಅಲೆ ಎಲ್ಲಿ ತಾತ?’ ಎಂದಳು ಮೊಮ್ಮಗಳು.

ಕೋಟೆಯ ಬುಡದಲ್ಲಿ ಹುಲ್ಲಿತ್ತು, ಆಚೆಗೆ ತೆಂಗಿನ ತೋಟಗಳಿದ್ದವು. ಅಲೆ ಇರಲಿಲ್ಲ. ಅಲ್ಲೇ ಹುಲ್ಲು ಕೊಯ್ಯುತ್ತಿದ್ದ ಮುದುಕ ನಕ್ಕು ಹೇಳಿದ: ‘ಕಡಲು ದೂರ ಸ್ವಾಮಿ. ಇಲ್ಲಿರೋದು ಅಘನಾಶಿನಿ ಹೊಳೆ. ಘಟ್ಟದ ಮೆಣಸು ಇಲ್ಲಿಗೆ ಇಳೀತಿತ್ತು, ಹೊಳೆ ಹಿಡಿದು ಸಮುದ್ರಕ್ಕೆ ಹೋಗ್ತಿತ್ತು. ಗಾಳಿ ಮಳೆಗೆ ದೋಣಿ ಕಟ್ಟೋಕೆ ಒಳಗಿನ ನೀರೇ ಚಲೋ ಅಲ್ಲವಾ?’

ಮೇಷ್ಟ್ರು ಮಾತಾಡಲಿಲ್ಲ. ಊರು ಮುಟ್ಟುವವರೆಗೂ ಅವರು ಮಂಕಾಗಿಯೇ ಇದ್ದರು. ‘ಒಂದು ಗೆರೆ ತಪ್ಪಾದರೆ ಏನಾಯ್ತು ತಾತ?’ ಎಂದರೆ, ‘ಅಲೆ ಬರೆದದ್ದಕ್ಕೆ ಕೋಟೆ ಅಲ್ಲಿ ಯಾಕೆ ಕಟ್ಟಿದರು ಅನ್ನೋದೇ ಮುಚ್ಚಿಹೋಯ್ತಲ್ಲಮ್ಮ. ಪಾಠ ಇದ್ದದ್ದೇ ಅದರಲ್ಲಿ’ ಎಂದರು.

ರಜೆ ಮುಗಿದ ವಾರ ಅಜ್ಜಂಪುರದ ಶಾಲೆಯೊಂದಕ್ಕೆ ಹೋಗಿ ಒಂದು ಪೀರಿಯಡ್ ಕೇಳಿ ಪಡೆದರು. ಮತ್ತದೇ ಕೋಟೆ ಬರೆದರು, ಅಲೆಗಳನ್ನೂ ಬರೆದರು. ಆಮೇಲೆ ಡಸ್ಟರ್ ತೆಗೆದುಕೊಂಡು ಅಲೆಗಳನ್ನು ಒರೆಸಿ, ಆ ಜಾಗದಲ್ಲಿ ಹೊಳೆ ಹರಿಸಿ, ಘಟ್ಟದಿಂದ ಮೆಣಸಿನ ದಾರಿ ಇಳಿಸಿದರು.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತ. ‘ನಮ್ಮಪ್ಪನಿಗೂ ನೀವೇ ಪಾಠ ಮಾಡಿದ್ರಂತೆ ಸಾರ್. ಅಲೆ ಇದೆ ಅಂತಲೇ ಅಪ್ಪ ಹೇಳ್ತಾರೆ.’

‘ಮೇಷ್ಟ್ರು ನೋಡದೆ ಹೇಳಿದ್ದರು, ಈಗ ನೋಡಿಕೊಂಡು ಬಂದಿದ್ದಾರೆ ಅಂತ ಹೇಳಪ್ಪ’ ಎಂದರು ಮೇಷ್ಟ್ರು. ‘ನೀನೂ ಒಮ್ಮೆ ಹೋಗಿ ನೋಡು. ನಾನು ಇನ್ನೇನು ತಪ್ಪು ಹೇಳಿದ್ದೇನೋ!’