ಎಡಿಸನ್ನನ ಊರಿನಲ್ಲಿ ಐದು ವಾರ

ಅಮೆರಿಕಕ್ಕೆ ಹೋಗಿಬಂದವರೆಲ್ಲ ನಯಾಗರ ಜಲಪಾತದ ಬಗ್ಗೆ ಬರೆಯುವುದು ವಾಡಿಕೆ. ನಾನು ನಯಾಗರ ನೋಡಲಿಲ್ಲ. ಆ ಒಂದು ವರ್ಣನೆಯಿಂದ ಓದುಗರು ಪಾರಾದರೆಂದೇ ತಿಳಿಯಬಹುದು. ನಾನು ನೋಡಿದ್ದು ನ್ಯೂಜೆರ್ಸಿ ರಾಜ್ಯದ ಎಡಿಸನ್ ಎಂಬ ಊರು. 2023ರ ದಸರಾ ರಜೆಗೆ ಒಂದಿಷ್ಟು ಗಳಿಕೆ ರಜೆ ಸೇರಿಸಿ ನಾನೂ ನನ್ನ ಹೆಂಡತಿಯೂ ಮಗಳ ಮನೆಯಲ್ಲಿ ಐದು ವಾರ ಇದ್ದು ಬಂದೆವು. ಮಗಳು ಮಣಿಪಾಲದಲ್ಲಿ ಇಂಜಿನಿಯರಿಂಗ್ ಮುಗಿಸಿ 2014ರಲ್ಲಿ ವಿಮಾನ ಹತ್ತಿದವಳು. ಮಣಿಪಾಲದಲ್ಲೇ ಓದಿದ್ದ ಸತ್ಯ ನಾದೆಲ್ಲ ಅದೇ ವರ್ಷ ಮೈಕ್ರೋಸಾಫ್ಟಿನ ಮುಖ್ಯಸ್ಥರಾದ್ದರಿಂದ, ಆ ದಿನಗಳಲ್ಲಿ ನಮ್ಮ ಜಿಲ್ಲೆಯ ತಂದೆತಾಯಿಗಳಿಗೆ ಮಣಿಪಾಲದ ಕಾಲೇಜಿನ ಹಿಂಬಾಗಿಲು ಸೀದಾ ಅಮೆರಿಕಕ್ಕೆ ತೆರೆಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿತ್ತು.

ಅಲ್ಲಿ ಇಳಿದ ಮೊದಲ ವಾರ ಎಲ್ಲ ತಂದೆತಾಯಿಗಳಿಗೂ ಒಂದು ಕಾಯಿಲೆ ಹಿಡಿಯುತ್ತದೆ: 83ರ ಮಗ್ಗಿ. ಆಗ ಒಂದು ಡಾಲರಿಗೆ ಸುಮಾರು 83 ರೂಪಾಯಿ. ಓಕ್ ಟ್ರೀ ರಸ್ತೆಯ ಒಂದು ಹೋಟೆಲಿನಲ್ಲಿ ಮಸಾಲೆದೋಸೆಗೆ 13 ಡಾಲರ್ ಎಂದು ನೋಡಿದ ನನ್ನವಳು ಮನಸ್ಸಿನಲ್ಲೇ ಗುಣಿಸಿ, "ಸಾವಿರದ ಎಪ್ಪತ್ತೊಂಬತ್ತು! ನನಗೆ ಹಸಿವಿಲ್ಲ" ಎಂದು ಎದ್ದು ನಿಂತಳು. ಗಣಿತದಲ್ಲಿ ಇಷ್ಟು ವೇಗ ಇರುವವಳು ಪಿಯುಸಿಯಲ್ಲಿ ಕಲಾ ವಿಭಾಗ ಯಾಕೆ ತೆಗೆದುಕೊಂಡಳೋ ದೇವರೇ ಬಲ್ಲ. ಆ ಹೋಟೆಲಿನ ಬೋರ್ಡಿನಲ್ಲಿ 'ಉಡುಪಿ' ಎಂದಿತ್ತು. ಉಡುಪಿಯವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದೆ. ಒಳಗಿಂದ ಬಂದವನು ಪಂಜಾಬಿನವನು. ನಾವು ಕಾಪುವಿನವರು, ಉಡುಪಿಯಿಂದ ಬರೇ ಹದಿಮೂರು ಕಿಲೋಮೀಟರ್ ಎಂದಾಗ ಅವನಿಗೆ ಬಹಳ ಸಂತೋಷವಾಯಿತು. ಉಡುಪಿ ಎಂಬುದು ನಿಜವಾಗಿಯೂ ಒಂದು ಊರು ಎಂದು ಅವನಿಗೆ ಆ ದಿನ ಗೊತ್ತಾದಂತೆ ಕಂಡಿತು.

ಅದಿರಲಿ. ವಿಜ್ಞಾನದ ಮೇಷ್ಟ್ರಾದ ನನಗೆ ಆ ಊರಿನ ಹೆಸರೇ ದೊಡ್ಡ ಆಕರ್ಷಣೆಯಾಗಿತ್ತು. ಥಾಮಸ್ ಆಲ್ವ ಎಡಿಸನ್ ಫೋನೋಗ್ರಾಫನ್ನು (1877) ಮತ್ತು ವಿದ್ಯುದ್ದೀಪವನ್ನು (1879) ತಯಾರಿಸಿದ ಮೆನ್ಲೋ ಪಾರ್ಕ್ ಇರುವುದು ಇಲ್ಲೇ. ಅವನ ನೆನಪಿಗಾಗಿಯೇ 1954ರಲ್ಲಿ ಊರಿಗೆ ಈ ಹೆಸರಿಟ್ಟರು. ಮೂವತ್ತು ವರ್ಷಗಳಿಂದ ಒಂದು ಅಂಕದ ಪ್ರಶ್ನೆಯಾಗಿ ನಾನು ಕೇಳುತ್ತ ಬಂದ ಮನುಷ್ಯ ಮಗಳ ಮನೆಯ ಪಕ್ಕದವನು! "ಮೆನ್ಲೋ ಪಾರ್ಕಿಗೆ ಹೋಗುವ" ಎಂದು ಅಳಿಯನಿಗೆ ಹೇಳಿದೆ. "ಆಯ್ತು ಮಾವ" ಎಂದು ಅವನು ಕರೆದುಕೊಂಡು ಹೋದದ್ದು ಅದೇ ಹೆಸರಿನ ದೊಡ್ಡದೊಂದು ಮಾಲ್‌ಗೆ. ಆರು ವರ್ಷ ಆ ಊರಿನಲ್ಲಿದ್ದ ಅವನಿಗೆ ಮೆನ್ಲೋ ಪಾರ್ಕ್ ಎಂದರೆ ಬಟ್ಟೆ ಅಂಗಡಿ. ಅವನನ್ನು ದೂರುವುದಿಲ್ಲ, ಕಾಪುವಿನ ದೀಪಸ್ತಂಭ 1901ರದ್ದು ಎಂದು ಕಾಪುವಿನ ಎಷ್ಟು ಮಂದಿಗೆ ಗೊತ್ತು?

ಕೊನೆಗೂ ಹುಡುಕಿಕೊಂಡು ಹೋದೆವು. ಮನೆಗಳ ನಡುವೆ ಒಂದು ಎತ್ತರದ ಗೋಪುರ, ಅದರ ನೆತ್ತಿಯಲ್ಲಿ ಆಳುದ್ದಕ್ಕಿಂತ ದೊಡ್ಡ ಗಾಜಿನ ಬಲ್ಬು. 1938ರಲ್ಲಿ ಕಟ್ಟಿದ್ದಂತೆ. ಬಲ್ಬು ಹುಟ್ಟಿದ ಪ್ರಯೋಗಾಲಯ ಮಾತ್ರ ಅಲ್ಲಿಲ್ಲ. ಕಾರಿನ ಹೆನ್ರಿ ಫೋರ್ಡ್ ಎಡಿಸನ್ನನ ದೊಡ್ಡ ಅಭಿಮಾನಿ. ಅವನು 1929ರ ಹೊತ್ತಿಗೆ ಅಳಿದುಳಿದ ಹಲಗೆ, ಇಟ್ಟಿಗೆಗಳನ್ನೆಲ್ಲ ಹೊತ್ತುಕೊಂಡು ಹೋಗಿ ಮಿಷಿಗನ್ ರಾಜ್ಯದ ತನ್ನ ಊರಾದ ಡಿಯರ್‌ಬಾರ್ನ್‌ನಲ್ಲಿ ಪ್ರಯೋಗಾಲಯವನ್ನು ಮತ್ತೆ ನಿಲ್ಲಿಸಿದ. ಇದನ್ನು ಕೇಳಿ ಅಳಿಯನಿಗೆ ಆಶ್ಚರ್ಯವಾಯಿತು, ನನಗೇನೂ ಆಗಲಿಲ್ಲ. ನಮ್ಮ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳ ಕಂಬ, ತೊಲೆ, ಬಾಗಿಲುಗಳನ್ನು ಬಿಚ್ಚಿ ತಂದು ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ಜೋಡಿಸಲಿಲ್ಲವೇ? ಫೋರ್ಡನಿಗೆ ಕಾರು ಮಾರಿದ ದುಡ್ಡಿತ್ತು. ಶೆಣೈಯವರಿಗೆ ಹಟವೊಂದೇ ಬಂಡವಾಳ. ನನ್ನ ಲೆಕ್ಕದಲ್ಲಿ ಎರಡನೆಯದೇ ದೊಡ್ಡದು.

ಇನ್ನು ಅಳತೆಗಳ ವಿಚಾರ. ಅಲ್ಲಿ ದೂರಕ್ಕೆ ಮೈಲಿ, ಪೆಟ್ರೋಲಿಗೆ ಗ್ಯಾಲನ್, ಚಳಿಗೆ ಫ್ಯಾರನ್‌ಹೀಟ್. ಸ್ವಿಚ್ಚನ್ನು ನಾವು ಕೆಳಕ್ಕೆ ಒತ್ತಿದರೆ ದೀಪ ಹತ್ತುತ್ತದೆ, ಅವರು ಮೇಲಕ್ಕೆ ಒತ್ತಬೇಕು. ಮೆಟ್ರಿಕ್ ಪದ್ಧತಿಗೆ ಬರಬೇಕೆಂದು 1975ರಲ್ಲೇ ಕಾನೂನು ಮಾಡಿದರು, ಒತ್ತಾಯ ಮಾಡಲಿಲ್ಲ, ಜನ ಬರಲಿಲ್ಲ. 1999ರಲ್ಲಿ ಮಂಗಳ ಗ್ರಹಕ್ಕೆ ಕಳಿಸಿದ ಅವರ ನೌಕೆಯೊಂದು ಹಾಳಾದದ್ದು ಇದೇ ಕಾರಣಕ್ಕೆ: ಒಂದು ತಂಡ ಬಲವನ್ನು ಪೌಂಡಿನಲ್ಲಿ ಲೆಕ್ಕ ಹಾಕಿತ್ತು, ಇನ್ನೊಂದು ಅದನ್ನು ನ್ಯೂಟನ್ ಎಂದು ತಿಳಿದಿತ್ತು. ಉತ್ತರದ ಮುಂದೆ ಮಾನ ಬರೆಯದಿದ್ದರೆ ನಾನು ಅರ್ಧ ಅಂಕ ಕಳೆಯುತ್ತೇನೆಂದು ಸಿಟ್ಟಾಗುವ ವಿದ್ಯಾರ್ಥಿಗಳು ಇದನ್ನು ಎರಡು ಸಲ ಓದಬೇಕು. ಹಾಗೆಂದು ನಾವು ಹೆಚ್ಚು ನಗುವಂತೆಯೂ ಇಲ್ಲ. ಹವೆಯನ್ನು ಸೆಲ್ಸಿಯಸ್‌ನಲ್ಲಿ ಹೇಳುವ ನಾವು ಜ್ವರ ಬಂದ ಕೂಡಲೇ ಫ್ಯಾರನ್‌ಹೀಟ್ ಆಗುತ್ತೇವೆ. ಜಾಗ ಸೆಂಟ್ಸಿನಲ್ಲಿ, ಚಿನ್ನ ಪವನಿನಲ್ಲಿ, ಹುಡುಗನ ಎತ್ತರ ಅಡಿಯಲ್ಲಿ.

ಅಕ್ಟೋಬರ್ ಎಂದರೆ ಅಲ್ಲಿ ಎಲೆಗಳ ಕಾಲ. ಪತ್ರಹರಿತ್ತು ಒಡೆದುಹೋದಾಗ ಮೊದಲೇ ಇದ್ದ ಹಳದಿ ಬಣ್ಣ ಹೊರಗೆ ಬರುತ್ತದೆ, ಕೆಂಪು ಮಾತ್ರ ಆಗಲೇ ಹೊಸದಾಗಿ ತಯಾರಾಗುತ್ತದೆ. ಇದನ್ನು ಕಪ್ಪು ಹಲಗೆಯ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಕಲಿಸಿದವನು ನಾನು. ಕಣ್ಣಾರೆ ಕಂಡಾಗ ವಿವರಿಸಲು ಬಾಯಿ ಬರಲಿಲ್ಲ, ಸುಮ್ಮನೆ ನೋಡಿದೆ.

ತಿಂಗಳ ಕೊನೆಯ ದಿನ ಹ್ಯಾಲೋವೀನ್. ಮಕ್ಕಳು ಭೂತ ಪ್ರೇತಗಳ ವೇಷ ಹಾಕಿ ಮನೆಮನೆಗೆ ಹೋಗಿ ಚಾಕಲೇಟು ಪಡೆಯುವ ಹಬ್ಬ. "ಇದು ನಮ್ಮ ಆಟಿ ಕಳೆಂಜವೇ ಅಲ್ವಾ?" ಎಂದಳು ನನ್ನವಳು. ತೆಂಗಿನ ಸಿರಿ ಕಟ್ಟಿ, ತಾಳೆಗರಿಯ ಕೊಡೆ ಹಿಡಿದು, ಊರಿನ ಮಾರಿ ಕಳೆಯಲು ಆಟಿ ತಿಂಗಳಲ್ಲಿ ಮನೆಮನೆಗೆ ಬರುವ ಕಳೆಂಜನಿಗೆ ನಾವು ಅಕ್ಕಿ, ತೆಂಗಿನಕಾಯಿ ಕೊಡುತ್ತೇವೆ. ವ್ಯತ್ಯಾಸವೆಂದರೆ ಅವನು ಏನನ್ನೋ ಕಳೆದುಕೊಡುತ್ತಾನೆ, ಇವರು ತೆಗೆದುಕೊಂಡು ಮಾತ್ರ ಹೋಗುತ್ತಾರೆ. ಆರು ವರ್ಷದ ಪುಳ್ಳಿಗೆ ಎಲ್ಲ ಗೆಳತಿಯರ ಹಾಗೆ 'ಫ್ರೋಜನ್' ಸಿನಿಮಾದ ಎಲ್ಸಾ ಆಗಬೇಕೆಂದು ಹಟ. ಅಜ್ಜಿ ತುಳುವಿನಲ್ಲಿ ಏನು ಹೇಳಿ ಒಲಿಸಿದಳೋ ಕಾಣೆ, ಮರುದಿನ ಅವಳಿಗೆ ಹುಲಿ ವೇಷವೇ ಬೇಕಾಯಿತು. ನಾನು ಬಣ್ಣ ಹಚ್ಚಿದೆ, ಅಜ್ಜಿ ಸ್ಟೀಲು ಡಬ್ಬಿ ಬಡಿದು ಹೆಜ್ಜೆ ಕಲಿಸಿದಳು. ಆ ಸಂಜೆ ಎಡಿಸನ್ನಿನ ಒಂದು ಬೀದಿ ವಿಟ್ಲಪಿಂಡಿಯ ಉಡುಪಿ ರಥಬೀದಿಯಾಯಿತು. ಎಲ್ಸಾಗಳು ಏಳು, ಹುಲಿ ಒಂದೇ. ಚಾಕಲೇಟು ಹುಲಿಗೇ ಹೆಚ್ಚು ಬಿತ್ತು.

ಆ ಮನೆಯಲ್ಲಿ ಜನ ಮೂವರು, ಪಾಸ್‌ಪೋರ್ಟ್ ಎರಡು ದೇಶದ್ದು. ಅಲ್ಲೇ ಹುಟ್ಟಿದ ಪುಳ್ಳಿ ಅಮೆರಿಕದ ಪ್ರಜೆ. ಅಪ್ಪ ಅಮ್ಮ ಕೆಲಸದ ವೀಸಾದವರು. ಉದ್ಯೋಗದ ಆಧಾರದ ಮೇಲೆ ಕೊಡುವ ಗ್ರೀನ್ ಕಾರ್ಡಿನಲ್ಲಿ ಒಂದು ವರ್ಷಕ್ಕೆ ಯಾವುದೇ ಒಂದು ದೇಶದವರಿಗೆ ಶೇಕಡಾ 7ಕ್ಕಿಂತ ಹೆಚ್ಚು ಇಲ್ಲವೆಂದು ಅಲ್ಲಿನ ಕಾನೂನು. ನಮ್ಮವರು ಲಕ್ಷಗಟ್ಟಲೆ ಸಾಲಿನಲ್ಲಿದ್ದಾರೆ, ಸಾಲು ದಶಕಗಳಷ್ಟು ಉದ್ದ. ಊರಿಗೆ ಬಂದುಹೋಗಬೇಕಾದರೆ ವೀಸಾದ ಮುದ್ರೆಯ ಅವಧಿ ಮುಗಿದಿರಬಾರದು. ಮುಗಿದಿದ್ದರೆ ಹೊಸ ಮುದ್ರೆ ಒತ್ತಿಸಿಕೊಳ್ಳದೆ ಮರಳುವಂತಿಲ್ಲ. 2021ರ ಮೇ ತಿಂಗಳಲ್ಲಿ ನನ್ನ ತಾಯಿ ತೀರಿಕೊಂಡಾಗ ಮಗಳ ಮುದ್ರೆ ಮುಗಿದಿತ್ತು. ಕೊರೋನಾದ ದಿನಗಳು, ಹೊಸದು ಯಾವಾಗ ಸಿಗುವುದೆಂದು ಹೇಳುವವರಿರಲಿಲ್ಲ. ಅಜ್ಜಿಯ ತೊಡೆಯ ಮೇಲೆ ಬೆಳೆದ ಹುಡುಗಿ ಉತ್ತರಕ್ರಿಯೆಯನ್ನು ಮೊಬೈಲಿನಲ್ಲಿ ನೋಡಿದಳು, ಅಲ್ಲಿ ರಾತ್ರಿ ಒಂದು ಗಂಟೆಗೆ.

ನಾವು ಹೊರಡುವಾಗ ಅವಳು ಕುಚ್ಚಲಕ್ಕಿ, ಹಪ್ಪಳ ಏನನ್ನೂ ಕೇಳಲಿಲ್ಲ. "ಅಪ್ಪ, ಅಜ್ಜಿಯ ಅಡಕತ್ತರಿ ತನ್ನಿ" ಎಂದಿದ್ದಳು. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿದ ಅಧಿಕಾರಿ ಅದನ್ನು ಎತ್ತಿ ಹಿಡಿದು ಇದೇನು ಎಂದು ಕೇಳಿದ. ನಾನು ಇಂಗ್ಲಿಷಿನಲ್ಲಿ ಅಡಿಕೆ, ವೀಳ್ಯ ಎಂದೆಲ್ಲ ವಾಕ್ಯ ಜೋಡಿಸುವಷ್ಟರಲ್ಲಿ ನನ್ನವಳು ಕನ್ನಡದಲ್ಲೇ, "ಅದು ನಮ್ಮ ಅತ್ತೆಯದ್ದು" ಎಂದಳು. ಅವನಿಗೆ ಏನು ಅರ್ಥವಾಯಿತೋ, ಜೋಪಾನವಾಗಿ ಮತ್ತೆ ಒಳಗಿಟ್ಟ. ಈಗ ಅದು ಎಡಿಸನ್ನಿನ ಅಡುಗೆಮನೆಯ ಒಂದು ಮೊಳೆಯಲ್ಲಿ ನೇತಾಡುತ್ತಿದೆ. ಆ ಮನೆಯಲ್ಲಿ ಅಡಿಕೆ ತಿನ್ನುವವರು ಯಾರೂ ಇಲ್ಲ.

ನವೆಂಬರ್ 5ರ ಭಾನುವಾರ ಬೆಳಗ್ಗೆ ಅಳಿಯ ಗೋಡೆಯ ಗಡಿಯಾರ ಇಳಿಸಿ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ. ಬೇಸಿಗೆಗೆ ಮುಂಚೆ ಒಂದು ಗಂಟೆ ಮುಂದೆ, ಚಳಿಗಾಲಕ್ಕೆ ಮತ್ತೆ ಹಿಂದೆ, ಇದು ಅಲ್ಲಿನ ಕ್ರಮ. ನಮಗೂ ಅವರಿಗೂ ಒಂಬತ್ತೂವರೆ ಗಂಟೆ ಇದ್ದ ಅಂತರ ಆ ದಿನದಿಂದ ಹತ್ತೂವರೆ. ನನಗೆ ತಾಯಿಯ ನೆನಪಾಯಿತು. ಮಗಳು ಕೆಲಸಕ್ಕೆ ಹೊರಡುವ ಮೊದಲು ಏಳೂವರೆಗೆ ಮಾಡುತ್ತಿದ್ದ ಫೋನು ಕಾಪುವಿಗೆ ಸಂಜೆ ಐದಕ್ಕೆ ಬರುತ್ತಿತ್ತು. ನವೆಂಬರ್ ಬಂತೆಂದರೆ ಆರಕ್ಕೆ. ಅಮ್ಮ ಮಾತ್ರ ಐದಕ್ಕೇ ಬಂದು ಚಾವಡಿಯಲ್ಲಿ ಕೂರುವರು. ಗಡಿಯಾರ ತಿರುಗಿಸಿದ್ದಾರೆ ಎಂದು ಪ್ರತಿವರ್ಷ ವಿವರಿಸುತ್ತಿದ್ದೆ. "ಗಡಿಯಾರ ತಿರುಗಿಸಲಿ ಮಾರಾಯ, ಸೂರ್ಯನನ್ನು ಎಲ್ಲಿಂದ ತಿರುಗಿಸುತ್ತಾರೆ?" ಎಂದು ಕೇಳಿ, ಆರರ ತನಕ ಅಲ್ಲೇ ಕೂತಿರುತ್ತಿದ್ದರು.

ಊರಿಗೆ ಮರಳಿ ಕಾರ್ಕಳದ ಶಾಲೆಗೆ ಹೋದ ದಿನ ಒಂಬತ್ತನೆಯ ತರಗತಿಯವರು ಪಾಠ ಮಾಡಲು ಬಿಡಲಿಲ್ಲ. ಅಲ್ಲಿ ಕರೆಂಟು ಹೋಗುತ್ತದಾ ಸರ್, ಹಿಮ ಬಿತ್ತಾ ಸರ್, ಅಲ್ಲಿಗೆ ಹೋಗಲಿಕ್ಕೆ ಎಂತ ಓದಬೇಕು ಸರ್. ಕೊನೆಯದನ್ನು ಕೇಳಿದವರು ಐದಾರು ಮಂದಿ. ನಾನು ಹಲಗೆಯ ಮೇಲೆ ಒಂದು ಲೆಕ್ಕ ಬರೆದೆ. ಕಾಪು ಇರುವುದು ಪೂರ್ವ ರೇಖಾಂಶ 74 ಡಿಗ್ರಿ 44 ಮಿನಿಟಿನ ಹತ್ತಿರ, ಎಡಿಸನ್ ಪಶ್ಚಿಮ ರೇಖಾಂಶ 74 ಡಿಗ್ರಿ 25 ಮಿನಿಟಿನ ಹತ್ತಿರ. ಗ್ರೀನಿಚ್ಚಿನಿಂದ ಆ ಕಡೆಗೂ ಈ ಕಡೆಗೂ ಹೆಚ್ಚುಕಡಿಮೆ ಸಮ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಎರಡು ಊರುಗಳ ಸೂರ್ಯನಿಗೆ ಎಷ್ಟು ಅಂತರ?

ಮೊದಲು ಉತ್ತರ ತಂದವಳು ಕೊನೆಯ ಬೆಂಚಿನ ಹುಡುಗಿ. ಹತ್ತು ಗಂಟೆಗೆ ಸುಮಾರು ಮೂರು ನಿಮಿಷ ಕಡಿಮೆ. ಸರಿ ಎಂದೆ. "ಬೇಸಿಗೆಯಲ್ಲಿ ಎಷ್ಟು ಸರ್, ಚಳಿಗಾಲದಲ್ಲಿ ಎಷ್ಟು?" ಎಂದಳು. ಸೂರ್ಯನ ಲೆಕ್ಕದಲ್ಲಿ ಯಾವಾಗಲೂ ಅಷ್ಟೇ ಎಂದೆ. ಅವಳು ಒಂದು ಕ್ಷಣ ಯೋಚಿಸಿ, "ಹಾಗಾದರೆ ಒಂಬತ್ತೂವರೆಯೂ ಸರಿಯಲ್ಲ, ಹತ್ತೂವರೆಯೂ ಸರಿಯಲ್ಲವಾ ಸರ್?" ಎಂದು ಕೇಳುವಾಗ ಗಂಟೆ ಹೊಡೆಯಿತು.