ಬಸುವೂ ಬಸ್ಸೂ

ಟೋಕಿಯೋದಲ್ಲಿ ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಿಗೆ ಒಂದು ತರಬೇತಿ ಶಿಬಿರ. ಮೈಸೂರಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿ ಬಂದ ನನಗೂ ಪಾಠವೇ ಎಂದು ಗೊಣಗುತ್ತಲೇ ಹೋದೆ.

ಜಪಾನೀ ಪದಗಳು, ‘ನ್’ ಒಂದನ್ನುಳಿದರೆ, ಸ್ವರದಲ್ಲಿಯೇ ಮುಗಿಯುತ್ತವಂತೆ. ಅದಕ್ಕೇ ಮಕ್ಕಳ ಬಾಯಲ್ಲಿ ಮಿಲ್ಕ್ ‘ಮಿರುಕು’, ಬಸ್ ‘ಬಸು’. “ಬೈಯಬೇಡಿ, ಚಪ್ಪಾಳೆ ತಟ್ಟಿಸಿ, ಮಿಲ್ಕಿಗೆ ಒಂದೇ ಪೆಟ್ಟು, ಮಿರುಕುವಿಗೆ ಮೂರು” ಎಂದರು ಶಿಬಿರದ ಗುರುಗಳು.

ನನ್ನ ಎದೆ ಧಸಕ್ಕೆಂದಿತು. ಹಿಂದಿನ ವಾರ ‘ಬಸು’ ಎಂದ ಹುಡುಗನೊಬ್ಬನನ್ನು ನಿಲ್ಲಿಸಿ ಐದು ಸಲ ಹೇಳಿಸಿದ್ದೆ. ಆಮೇಲೆ ಅವನು ಬಾಯಿಯೇ ಬಿಟ್ಟಿರಲಿಲ್ಲ. ನಮ್ಮಜ್ಜಿ ಜೀವಮಾನವೆಲ್ಲ ಹತ್ತಿದ್ದಾದರೂ ಏನು ಸ್ವಾಮಿ? ‘ಬಸ್ಸು’! ಒಂದು ಒತ್ತು ಹೆಚ್ಚು, ಅಷ್ಟೆ.

ಸೋಮವಾರ ಹಲಗೆಯ ಮೇಲೆ ಕನ್ನಡದಲ್ಲಿ ‘ಬಸ್ಸು’ ಎಂದು ಬರೆದು, ಗಟ್ಟಿಯಾಗಿ ಓದಿದೆ. ತರಗತಿಯೆಲ್ಲ ನಕ್ಕಿತು. ಅವನು ನಗಲಿಲ್ಲ, ಮೆಲ್ಲಗೆ, “ಬಸ್ಸು” ಎಂದ.