ಕಾಣದಿದ್ದಾಗ ನಿಲ್ಲೋದು

ಇಸಳೂರಿನ ನಮ್ಮನೆಯವರಿಗೆ ಮಂಜು ಹೊಸತಲ್ಲ. ಚಳಿಗಾಲದ ಬೆಳಗ್ಗೆ ಅಂಗಳದಲ್ಲಿ ನಿಂತರೆ ಎದುರಿನ ಅಡಿಕೆ ಮರಗಳೇ ಕಾಣೋದಿಲ್ಲ. ಸಮುದ್ರದ ಮೇಲೆ ಅದೇ ಮಂಜು ಮುಸುಕಿದರೆ ಹೇಗಿರುತ್ತೆ ಅಂತ ಗೊತ್ತಾಗಿದ್ದು ಜನವರಿಯ ಒಂದು ಭಾನುವಾರ.

ನೌಕಾಪಡೆಯ ದಿಲ್ನಾ ಮತ್ತು ರೂಪಾ 2024ರ ಅಕ್ಟೋಬರ್ 2ರಂದು 56 ಅಡಿಯ ‘ತಾರಿಣಿ’ಯಲ್ಲಿ ಗೋವಾದಿಂದ ಹೊರಟು, ಭೂಮಿ ಸುತ್ತಿ 2025ರ ಮೇ 29ಕ್ಕೆ ಮರಳಿದರಲ್ಲ, ಆ ಸುದ್ದಿ ಓದಿದಾಗಿನಿಂದ ನನಗೂ ಹಾಯಿದೋಣಿ ಹತ್ತುವ ಆಸೆ. ಗೋವಾದಲ್ಲಿ ದೋಣಿ ನಡೆಸಲು ಕಲಿತ ಗೆಳೆಯನೊಬ್ಬ “ಪಾಲೋಲೆಂನಿಂದ ಕಾರವಾರಕ್ಕೆ ಹೋಗೋಣ, ಬಾ” ಅಂದ. ಸುಮಾರು 15 ನಾಟಿಕಲ್ ಮೈಲು. ದೋಣಿ 30 ಅಡಿಯದು.

ಬೆಳಗಿನ ಜಾವ ಹೊರಟೆವು. ರಾತ್ರಿ ನೆಲ ಬೇಗ ತಣಿಯುವುದರಿಂದ ಆ ಹೊತ್ತಿಗೆ ಗಾಳಿ ದಡದಿಂದ ಸಮುದ್ರದ ಕಡೆ ಬೀಸುತ್ತೆ. ನಮ್ಮ ಘಟ್ಟದ ಕಡೆಯ ಗಾಳಿಯೇ ಹಾಯಿ ತುಂಬಿದೆ ಅಂತ ಖುಷಿಪಟ್ಟೆ. ಏಳೂವರೆಗೆ ಗಾಳಿ ಸತ್ತಿತು. ಹಾಯಿ ಒಗೆದು ಹಾಕಿದ ಬಟ್ಟೆಯ ಹಾಗೆ ಜೋತುಬಿತ್ತು. ಹಿಂದೆಯೇ ಮಂಜು. ದೋಣಿಯ ಮೂತಿಯೂ ಮಸುಕಾಯಿತು.

ಗೆಳೆಯ ಹಾರ್ನ್ ಹಿಡಿದು ಕೂತ. ಮಂಜಿನಲ್ಲಿ ಹಾಯಿ ಮೇಲೆ ಹೋಗುವ ದೋಣಿ ಒಂದು ಉದ್ದ, ಎರಡು ಗಿಡ್ಡ ಸದ್ದು ಮಾಡಬೇಕಂತೆ, ಎರಡು ನಿಮಿಷಕ್ಕೊಮ್ಮೆಯಾದರೂ. ನನಗೋ ಅವಸರ. ರಾತ್ರಿ ಬಸ್ಸು ಹಿಡಿದು ಸೋಮವಾರ ಬೆಳಗ್ಗೆ ಬೆಂಗಳೂರಿನ ಮೀಟಿಂಗಲ್ಲಿ ಇರಬೇಕು. “ಇಂಜಿನ್ ಹಾಕೋ ಮಾರಾಯ, ಮೊಬೈಲಲ್ಲಿ ದಾರಿ ಕಾಣ್ತಿದೆಯಲ್ಲ” ಅಂತ ಮೂರು ಸಲ ಹೇಳಿದೆ. ಕೊನೆಗೆ ಅವ ಹಾಕಿದ.

ಹತ್ತು ನಿಮಿಷವಾಗಿರಬಹುದು. ಬಿಳಿಯೊಳಗಿಂದ ಒಂದು ಪಾತಿ ದೋಣಿ ಎದ್ದು ಬಂತು. ಅದರಲ್ಲಿ ಬಲೆ ಎಳೆಯುತ್ತಿದ್ದ ಮುದುಕ, ಕೈಯೆತ್ತಿ ಕೊಂಕಣಿಯಲ್ಲಿ ಕೂಗುತ್ತಿದ್ದ. ಗೆಳೆಯ ಚುಕ್ಕಾಣಿ ಪೂರ್ತಿ ತಿರುಗಿಸಿದ. ಒಂದು ಮಾರು ಅಂತರದಲ್ಲಿ ದಾಟಿದೆವು. ಮುದುಕ ಆಗಿನಿಂದಲೂ ಕೂಗುತ್ತಿದ್ದಿರಬೇಕು. ನಮ್ಮ ಇಂಜಿನ್ನಿನ ಗಲಾಟೆಯಲ್ಲಿ ಕೇಳಿರಲಿಲ್ಲ. ಮೊಬೈಲು ನಾವೆಲ್ಲಿದ್ದೇವೆ ಅಂತ ತೋರಿಸುತ್ತಿತ್ತು. ಅವನನ್ನು ತೋರಿಸಿರಲಿಲ್ಲ.

ಇಂಜಿನ್ ಆರಿಸಿ ಲಂಗರು ಬಿಟ್ಟೆವು. ನನ್ನ ಕೈ ಇನ್ನೂ ನಡುಗುತ್ತಿತ್ತು. ಸದ್ದಡಗಿದ ಮೇಲೆ ಒಂದೊಂದೇ ಕೇಳತೊಡಗಿತು: ಮುದುಕ ಡಬ್ಬಿಯಿಂದ ನೀರು ಎತ್ತಿ ಚೆಲ್ಲುವುದು, ಎಡಕ್ಕೆ ದೂರದಲ್ಲಿ ಬಂಡೆಗೆ ಬಡಿಯುವ ತೆರೆ, ಎಲ್ಲೋ ಇನ್ನೊಂದು ದೋಣಿ.

ಆಗ ನೆನಪಾದವ ಅಪ್ಪ. ಮಳೆಗಾಲದಲ್ಲಿ ಕುಮಟಾದಿಂದ ಬರುವಾಗ ದೇವಿಮನೆ ಘಟ್ಟದಲ್ಲಿ ಮಂಜು ಕವಿದರೆ ಜೀಪು ಬದಿಗೆ ಹಾಕಿ, ಇಂಜಿನ್ ಬಂದ್ ಮಾಡಿ, ಕಿಟಕಿ ಇಳಿಸಿ ಕೂರುತ್ತಿದ್ದ. ನಾನು ಹಿಂದಿನ ಸೀಟಲ್ಲಿ ಚಡಪಡಿಸಿದರೆ ಒಂದೇ ಮಾತು: “ಕಾಣ್ತಿಲ್ಲೆ ಅಂದ್ರೆ ನಿಲ್ಲವು ತಮಾ.” ಹೆದರಿಕೆ ಅವನಿಗೆ ಅಂದುಕೊಂಡಿದ್ದೆ. ಅವ ಕಿವಿಗೊಟ್ಟು ಕೂರುತ್ತಿದ್ದ ಅಂತ ಈಗ ಗೊತ್ತಾಯಿತು.

ಹತ್ತೂವರೆಗೆ ಬಿಸಿಲು ಬಂತು, ಮಧ್ಯಾಹ್ನ ಸಮುದ್ರದ ಗಾಳಿ ತಿರುಗಿತು. ದೇವಗಡ ದ್ವೀಪದ ದೀಪಸ್ತಂಭ ನೋಡುತ್ತಾ ಕಾರವಾರ ಸೇರುವಾಗ ಮೂರು ಗಂಟೆ. ಬಸ್ಸಿಗೆ ಇನ್ನೂ ಹೊತ್ತಿತ್ತು!

ಪಾತಿ ದೋಣಿಯ ವಿಷಯ ಅಪ್ಪನಿಗೆ ಇನ್ನೂ ಹೇಳಿಲ್ಲ. ಈ ಸಲ ಊರಿಗೆ ಹೋದಾಗ ಹೇಳಬೇಕು.